ಆರ್‌ಎಕ್ಸ್ 100ಕ್ಕೆ ಪಲ್ಸರ್ 150ರ ಮುಂಭಾಗ: ಡಿಸ್ಕ್ ಬ್ರೇಕ್ ಕೂರಿಸಿದ ಕ್ರಮ

ಯಮಾಹಾ ಆರ್‌ಎಕ್ಸ್ 100ರ ಇಂಜಿನ್ ಬಗ್ಗೆ ಮಾತಾಡುವವರು ತುಂಬ ಜನ ಇದ್ದಾರೆ, ಅದರ ಮುಂದಿನ ಬ್ರೇಕ್ ಬಗ್ಗೆ ಮಾತಾಡುವವರು ಕಡಿಮೆ. ಟೂ ಸ್ಟ್ರೋಕ್ ಗಾಡಿಯಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ ಹಿಡಿಯುವುದು ಬಹಳ ಕಮ್ಮಿ. ಆಗುಂಬೆಯ 14 ತಿರುವು ಇಳಿದು ಸೋಮೇಶ್ವರಕ್ಕೆ ಬರುವಾಗ ಎಲ್ಲ ಭಾರ ಡ್ರಮ್ ಬ್ರೇಕಿನ ಮೇಲೆ ಬೀಳುತ್ತದೆ. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಲೈನರ್ (ಡ್ರಮ್ಮಿನೊಳಗೆ ಉಜ್ಜುವ ಪಟ್ಟಿ) ಕಾದು ಲಿವರ್ ಒಳಗೆ ಹೋಗಲು ಶುರು. ಮಳೆಗಾಲದ ಕಥೆ ಬೇರೆ. ವರ್ಷಕ್ಕೆ 3,500 ಮಿಮೀಗಿಂತ ಹೆಚ್ಚು ಮಳೆ ಬೀಳುವ ನಮ್ಮ ಕರಾವಳಿಯಲ್ಲಿ ಡ್ರಮ್ಮಿನೊಳಗೆ ನೀರು ಹೋದರೆ ಮೊದಲ ಎರಡು ಮೂರು ಹಿಡಿತಕ್ಕೆ ಬ್ರೇಕೇ ಇರುವುದಿಲ್ಲ. ಡಿಸ್ಕ್‌ಗೆ ಹೋಗಬೇಕಾದ್ದು ಇದಕ್ಕಾಗಿ, ನೋಟಕ್ಕಾಗಿ ಅಲ್ಲ.

ಕೆಲಸಕ್ಕೆ ಮೊದಲು ನಾನು ಒಂದು ನಿಯಮ ಹಾಕಿಕೊಂಡೆ: ಆರ್‌ಎಕ್ಸ್‌ನ ಒಂದು ಭಾಗವನ್ನೂ ಕತ್ತರಿಸಬಾರದು, ಗ್ರೈಂಡರ್ ಹಿಡಿಯಬಾರದು. ಹೊಂದಿಕೊಳ್ಳಬೇಕಾದದ್ದು ಬೇರೆ ಗಾಡಿಯಿಂದ ತಂದ ಭಾಗ. ಬಿಚ್ಚಿದ ಹಳೆ ಫೋರ್ಕ್ (ಮುಂದಿನ ಶಾಕ್ ಪೈಪ್), ಚಕ್ರ, ಕೇಬಲ್, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಎಲ್ಲವನ್ನೂ ಎಣ್ಣೆ ಸವರಿ, ಚೀಟಿ ಕಟ್ಟಿ ಎತ್ತಿಟ್ಟಿದ್ದೇನೆ. ಆರ್‌ಎಕ್ಸ್ 100ರ ತಯಾರಿಕೆ 1996ಕ್ಕೆ ನಿಂತಿತು, ಅಂದರೆ ರಸ್ತೆಯಲ್ಲಿರುವ ಪ್ರತಿ ಗಾಡಿಗೂ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಆದ್ದರಿಂದ ಆರ್‌ಟಿಒ ಮತ್ತು ಇನ್ಶೂರೆನ್ಸ್ ಕಡೆ ಮೊದಲೇ ಕೇಳಿ. ಅವರು ಒಪ್ಪದಿದ್ದರೆ ಗಾಡಿಯನ್ನು ಮೊದಲಿನ ಸ್ಥಿತಿಗೆ ತರಲು ಆಗಬೇಕು.

ಭಾಗ ತರುವಾಗ ಮುಂಭಾಗದ ಪೂರ್ತಿ ಸೆಟ್ ಒಂದೇ ಗಾಡಿಯದ್ದಿರಲಿ: ಮೇಲಿನ ಮತ್ತು ಕೆಳಗಿನ ಟಿ (ಎರಡು ಫೋರ್ಕನ್ನೂ ಹಿಡಿಯುವ ಕ್ಲಾಂಪ್), ಎರಡು ಫೋರ್ಕ್, ಚಕ್ರ, ಆಕ್ಸಲ್, ಸ್ಪೇಸರ್, ಡಿಸ್ಕ್, ಕ್ಯಾಲಿಪರ್ (ಪ್ಯಾಡಿನಿಂದ ಡಿಸ್ಕನ್ನು ಹಿಡಿಯುವ ಭಾಗ), ಹೋಸ್, ಮಾಸ್ಟರ್ ಸಿಲಿಂಡರ್ (ಲಿವರ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ). ಒಂದರ ಫೋರ್ಕ್, ಇನ್ನೊಂದರ ಚಕ್ರ ಅಂತ ಕೂಡಿಸಿದರೆ ಕ್ಯಾಲಿಪರ್ ಡಿಸ್ಕ್‌ನ ನಡುವೆ ಬರುವುದಿಲ್ಲ. ಆಮೇಲೆ ವಾಷರ್ ಹಾಕಿ ಹಾಕಿ ಸರಿಮಾಡುವ ಅವಸ್ಥೆ. ನಾನು ಆಯ್ದದ್ದು ಹಳೆ ಪಲ್ಸರ್ 150ರ ಸೆಟ್. ಡಿಸ್ಕ್ 240 ಮಿಮೀ, 100 ಸಿಸಿ ಗಾಡಿಗೆ ಬೇಕಾದಷ್ಟಾಯಿತು. ಮೇಲಿನ ಟಿಯಲ್ಲೇ ಹ್ಯಾಂಡಲ್ ಹೋಲ್ಡರ್ ಇರುವ, ಕೇಬಲ್ ಮೀಟರ್‌ನ ಮಾದರಿ ಹುಡುಕಿ. ಡಿಜಿಟಲ್ ಮೀಟರ್‌ನ ಪಲ್ಸರ್‌ಗಳಲ್ಲಿ ಚಕ್ರದ ಹತ್ತಿರ ಇರುವುದು ಸೆನ್ಸರ್, ಆರ್‌ಎಕ್ಸ್‌ನ ಮೀಟರ್ ಕೇಬಲ್ ಸಿಕ್ಕಿಸಲು ಜಾಗವೇ ಇಲ್ಲ.

ಗುಜರಿಯಲ್ಲಿ ಫೋರ್ಕ್ ನೋಡುವಾಗ ಬೆರಳಿನ ಉಗುರು ಸಾಕು. ಸೀಲ್ ಓಡಾಡುವ ಜಾಗದಲ್ಲಿ ಉಗುರನ್ನು ಮೇಲಿಂದ ಕೆಳಗೆ ನಿಧಾನ ಎಳೆಯಿರಿ. ಎಲ್ಲಾದರೂ ತಡೆದರೆ ಅಲ್ಲಿ ಕ್ರೋಮ್ ಕಿತ್ತು ತುಕ್ಕಿನ ಗುಳಿ ಬಿದ್ದಿದೆ ಎಂದರ್ಥ, ಹೊಸ ಸೀಲ್ ಹಾಕಿದರೂ ವಾರದೊಳಗೆ ಎಣ್ಣೆ ಸೋರುತ್ತದೆ. ಮಲ್ಪೆ, ಪಣಂಬೂರು ಕಡೆ ಕಡಲ ಗಾಳಿಯಲ್ಲಿ ನಿಂತ ಗಾಡಿಗಳಲ್ಲಿ ಇದು ಸಾಮಾನ್ಯ. ಆಮೇಲೆ ಪೈಪನ್ನು ದಪ್ಪ ಗಾಜಿನ ಮೇಲೆ ಉರುಳಿಸಿ, ಕೆಳಗೆ ಬೆಳಕು ಕುಣಿದರೆ ಬೆಂಡ್. ಡಿಸ್ಕ್‌ನ ಕನಿಷ್ಠ ದಪ್ಪ ಅದರ ಮೇಲೆಯೇ ಕೊರೆದಿರುತ್ತದೆ, ವರ್ನಿಯರ್ ಇಟ್ಟು ಹೋಲಿಸಿ. ಬಿಲ್ ಜೊತೆಗೆ ಆ ಗಾಡಿಯ ಆರ್‌ಸಿ ಪ್ರತಿ ಕೇಳಿ ಪಡೆಯಿರಿ, ಕದ್ದ ಮಾಲು ತಲೆಗೆ ಬರಬಾರದು.

ಈಗ ಮುಖ್ಯ ಕೆಲಸ, ಸ್ಟೆಮ್, ಅಂದರೆ ಕೆಳಗಿನ ಟಿಗೆ ಸೇರಿದ, ಚೇಸಿಸ್‌ನ ಕುತ್ತಿಗೆಯ ಕೊಳವೆಯೊಳಗೆ ತಿರುಗುವ ದಂಡ. ಪಲ್ಸರ್‌ನ ಸ್ಟೆಮ್ ಆರ್‌ಎಕ್ಸ್ ಚೇಸಿಸ್‌ನ ಕುತ್ತಿಗೆಗೆ ನೇರ ಕೂರುತ್ತದೆ ಎಂದು ನಂಬಿ ಹೊರಡಬೇಡಿ. ನಾಲ್ಕು ಅಳತೆ ಬೇಕು: ಕುತ್ತಿಗೆಯ ಮೇಲಿನ ಮತ್ತು ಕೆಳಗಿನ ಒಳವ್ಯಾಸ, ಸ್ಟೆಮ್‌ನಲ್ಲಿ ಕೋನ್ ಕೂರುವ ಎರಡು ಜಾಗದ ಹೊರವ್ಯಾಸ, ಎರಡು ಬೇರಿಂಗ್ ನಡುವಿನ ಉದ್ದ, ಸ್ಟೆಮ್ ಮಧ್ಯದಿಂದ ಎರಡು ಫೋರ್ಕ್ ಮಧ್ಯದ ಗೆರೆಗೆ ಇರುವ ದೂರ. ಒಳವ್ಯಾಸ ಚೇಸಿಸ್‌ನಿಂದ, ಹೊರವ್ಯಾಸ ಸ್ಟೆಮ್‌ನಿಂದ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋದರೆ ಹೊಂದುವ ಟೇಪರ್ ರೋಲರ್ ಬೇರಿಂಗ್ ಸಿಗುವ ಸಾಧ್ಯತೆ ಉಂಟು. ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ದಾರಿ ಇಲ್ಲ. ಸಿಗದಿದ್ದರೆ ಮಂಗಳೂರಿನ ಬೈಕಂಪಾಡಿ ಅಥವಾ ಯೆಯ್ಯಾಡಿ ಕಡೆ ಅಳತೆಗೆ ಬೆಲೆ ಕೊಡುವ ಲೇತ್‌ನವರ ಹತ್ತಿರ ಸ್ಟೀಲ್ ರಿಂಗ್ ಮಾಡಿಸಿ. ರಿಂಗ್ ಕುತ್ತಿಗೆಗಿಂತ 0.03ರಿಂದ 0.05 ಮಿಮೀ ದೊಡ್ಡದಿರಲಿ, ಪ್ರೆಸ್ ಆಗಿ ಕೂರಬೇಕು. ಕೈಯಲ್ಲಿ ಜಾರಿ ಹೋಗುವ ರಿಂಗ್ ತಿಂಗಳೊಳಗೆ ಆಡಲು ಶುರುವಾಗುತ್ತದೆ, 70ರ ವೇಗದಲ್ಲಿ ಹ್ಯಾಂಡಲ್ ನಡುಗುತ್ತದೆ.

ಸ್ಟೆಮ್ ಸ್ವಲ್ಪ ಉದ್ದವಾದರೆ ಸ್ಪೇಸರ್ ಹಾಕಬಹುದು. ಗಿಡ್ಡವಾದರೆ ಆ ಸೆಟ್ ಬಿಟ್ಟುಬಿಡಿ. ಸ್ಟೆಮ್ ಕತ್ತರಿಸಿ ವೆಲ್ಡಿಂಗ್ ಮಾಡಿ ಉದ್ದ ಮಾಡುವವರಿದ್ದಾರೆ. ವೆಲ್ಡ್‌ನ ಪಕ್ಕದಲ್ಲಿ ಕಾದ ಲೋಹ ಪೆಡಸಾಗಿ, ಪ್ರತಿ ಬ್ರೇಕಿಗೂ ಬಾಗಿ ಬಾಗಿ ಅಲ್ಲೇ ಬಿರುಕು ಬಿಡುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಈ ಒಂದು ವಿಷಯದಲ್ಲಿ ರಾಜಿ ಬೇಡವೇ ಬೇಡ. ಕುತ್ತಿಗೆಯ ಸುತ್ತ ಚೇಸಿಸ್‌ನ ಹಳೆ ವೆಲ್ಡ್‌ಗಳನ್ನೂ ತೊಳೆದು ನೋಡಿ, ಡಿಸ್ಕ್‌ನ ಎಳೆತ ಬೀಳುವುದು ಅಲ್ಲಿಗೇ. ಚೇಸಿಸ್ ನಂಬರ್ ಇರುವ ಜಾಗಕ್ಕೆ ಉಜ್ಜುವ ಕಾಗದ ಕೂಡ ತಾಗಬಾರದು.

ಇನ್ನು ಎತ್ತರ. ಆರ್‌ಎಕ್ಸ್‌ನ ಮುಂದಿನ ಟಯರ್ 2.50-18, ಪಲ್ಸರ್‌ನದ್ದು 2.75-17. ಮೊದಲನೆಯದರ ಒಟ್ಟು ವ್ಯಾಸ ಸುಮಾರು 23 ಇಂಚು, ಎರಡನೆಯದರದ್ದು 22.5. ಅಂದರೆ ಆಕ್ಸಲ್ 6 ಮಿಮೀ ಕೆಳಗೆ ಬರುತ್ತದೆ. ಫೋರ್ಕ್‌ನ ಉದ್ದದ ವ್ಯತ್ಯಾಸವನ್ನೂ ಸೇರಿಸಿ, ಟಿಯಲ್ಲಿ ಪೈಪ್ ಮೇಲೆ ಕೆಳಗೆ ಜಾರಿಸಿ ಹಳೆ ಎತ್ತರಕ್ಕೆ ತನ್ನಿ. ಗಾಡಿಯ ವೀಲ್‌ಬೇಸ್ 1,240 ಮಿಮೀ ಆಸುಪಾಸು ಇರುವುದರಿಂದ ಮುಂಭಾಗ 10 ಮಿಮೀ ತಗ್ಗಿದರೆ ಫೋರ್ಕ್‌ನ ಕೋನ ಸುಮಾರು ಅರ್ಧ ಡಿಗ್ರಿ ನೆಟ್ಟಗಾಗುತ್ತದೆ. ಅಷ್ಟಕ್ಕೇ ಹ್ಯಾಂಡಲ್ ಚುರುಕಾಗುವುದು ಗೊತ್ತಾಗುತ್ತದೆ. ಸ್ಟೆಮ್‌ನಿಂದ ಫೋರ್ಕ್‌ಗೆ ಇರುವ ದೂರ ಹಳೆಯದಕ್ಕಿಂತ ಹೆಚ್ಚಿದ್ದರೆ ನೆಟ್ಟಗೆ ಓಡುವ ಗುಣ ಇನ್ನಷ್ಟು ಕಡಿಮೆಯಾಗುತ್ತದೆ, ಆಗ ಮುಂಭಾಗವನ್ನು ಕೆಲವು ಮಿಮೀ ಎತ್ತರವೇ ಇಡಿ.

ಕೊನೆಯ ಜೋಡಣೆಗೆ ಮೊದಲು ಸ್ಪ್ರಿಂಗ್ ಇಲ್ಲದೆ ಒಮ್ಮೆ ಕೂರಿಸಿ, ಫೋರ್ಕ್ ಪೂರ್ತಿ ಒತ್ತಿ, ಹ್ಯಾಂಡಲನ್ನು ಎರಡೂ ಕಡೆ ಕೊನೆವರೆಗೆ ತಿರುಗಿಸಿ. ಮಡ್‌ಗಾರ್ಡ್‌ಗೂ ಸೈಲೆನ್ಸರ್ ಬೆಂಡಿಗೂ ನಡುವೆ, ಫೋರ್ಕ್‌ಗೂ ಟ್ಯಾಂಕಿಗೂ ನಡುವೆ ಕನಿಷ್ಠ 10 ಮಿಮೀ ಬೇಕು. ಟ್ಯಾಂಕಿಗೆ ತಾಗುವುದಾದರೆ ಕೆಳಗಿನ ಟಿಯ ಸ್ಟಾಪರ್‌ಗೆ ತುಂಡು ಸೇರಿಸಬೇಕಾಗುತ್ತದೆ.

ಸ್ಪ್ರಿಂಗ್ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಪಲ್ಸರ್ ತೂಕದ ಗಾಡಿ, ಅದರ ಸ್ಪ್ರಿಂಗ್ ಆರ್‌ಎಕ್ಸ್‌ಗೆ ಗಟ್ಟಿ. ಮೆತ್ತಗಾಗಲಿ ಎಂದು ಸ್ಪ್ರಿಂಗ್ ತುಂಡರಿಸಿದರೆ ಸುತ್ತು ಕಡಿಮೆಯಾಗಿ ಇನ್ನೂ ಗಟ್ಟಿಯಾಗುತ್ತದೆ. ಫೋರ್ಕ್ ಪೈಪಿಗೆ ಕೇಬಲ್ ಟೈ ಕಟ್ಟಿ, ಗಾಡಿ ಮೇಲೆ ಕೂತು ಎಷ್ಟು ಇಳಿಯಿತು ನೋಡಿ. ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಳಿಯಬೇಕು. ಇಳಿಯದಿದ್ದರೆ ಮೇಲಿನ ಸ್ಪೇಸರ್ ಗಿಡ್ಡ ಮಾಡಿ, ಅಥವಾ ಅದೇ ದಪ್ಪದ ಫೋರ್ಕ್ ಇರುವ ಹಗುರ ಗಾಡಿಯ ಸ್ಪ್ರಿಂಗ್ ಹುಡುಕಿ. ಎಣ್ಣೆಯನ್ನು ಎರಡು ಕಾಲಿಗೂ ಸ್ಪ್ರಿಂಗ್ ತೆಗೆದು, ಫೋರ್ಕ್ ಒತ್ತಿ, ಮೇಲಿನ ಬಾಯಿಂದ ಒಂದೇ ಆಳಕ್ಕೆ ಅಳೆದು ಹಾಕಬೇಕು.

ಬ್ರೇಕಿನಲ್ಲಿ ಮಾಸ್ಟರ್ ಸಿಲಿಂಡರ್ ಬದಲಿಸುವ ಆಸೆ ಬೇಡ. ನೋಡಲು ಚೆಂದ ಎಂದು 11 ಮಿಮೀ ಪಿಸ್ಟನ್ ಇರುವಲ್ಲಿ 14 ಮಿಮೀಯದ್ದನ್ನು ಹಾಕಿದರೆ ಅದರ ವಿಸ್ತೀರ್ಣ 1.6 ಪಟ್ಟು, ಕ್ಯಾಲಿಪರ್‌ಗೆ ಹೋಗುವ ಒತ್ತಡ ಅಷ್ಟೇ ಪಾಲು ಕಡಿಮೆ. ಲಿವರ್ ಮರದ ಕೊರಡಿನ ಹಾಗೆ ಗಟ್ಟಿ, ಗಾಡಿ ಮಾತ್ರ ನಿಲ್ಲುವುದಿಲ್ಲ. ಎಷ್ಟೋ ಸಿಲಿಂಡರ್‌ಗಳ ಮೈಮೇಲೆ ಅಳತೆಯ ಅಂಕಿ ಎರಕದಲ್ಲೇ ಇರುತ್ತದೆ. ಹೋಸ್ ಕೂರಿಸುವ ಬ್ಯಾಂಜೋ ಬೋಲ್ಟ್‌ನಲ್ಲಿ ಎಂ10×1.25 ಮತ್ತು ಎಂ10×1.0 ಎಂಬ ಎರಡು ಥ್ರೆಡ್ ಇವೆ. ಬೆರಳಲ್ಲಿ ತಿರುಗದ ಬೋಲ್ಟ್‌ಗೆ ಸ್ಪ್ಯಾನರ್ ಹಾಕಬೇಡಿ. ವಾಷರ್ ಪ್ರತಿಸಲ ಹೊಸದು. ಹಳೆ ಕ್ಯಾಲಿಪರ್‌ಗೆ ಸೀಲ್ ಕಿಟ್, ಹೊಸ ಪ್ಯಾಡ್ ಕಡ್ಡಾಯ. ಫೋರ್ಕ್ ಎಣ್ಣೆ ಕುಡಿದ ಪ್ಯಾಡ್ ಎಷ್ಟು ತೊಳೆದರೂ ಸರಿಯಾಗುವುದಿಲ್ಲ.

ಬ್ರೇಕ್ ಲೈನಿನ ಗಾಳಿ ತೆಗೆಯುವಾಗ ಕ್ಯಾಲಿಪರ್‌ನ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಹಾಕಿ ತುದಿಯನ್ನು ಬ್ರೇಕ್ ಆಯಿಲ್‌ನಲ್ಲಿ ಮುಳುಗಿಸಿ. ಲಿವರ್ ಒತ್ತಿ ಹಿಡಿದು, ನಿಪ್ಪಲ್ ಕಾಲು ಸುತ್ತು ಬಿಡಿಸಿ, ಬಿಗಿಮಾಡಿ, ಆಮೇಲೆ ಲಿವರ್ ಬಿಡಿ. ಮೊದಲು ದೊಡ್ಡ ಗುಳ್ಳೆ ಬರುತ್ತವೆ, ಆಮೇಲೆ ಸಾಸಿವೆಯಷ್ಟು ಸಣ್ಣವು, ಅಲ್ಲಿಗೆ ನಿಲ್ಲಿಸಬೇಡಿ. ಮುಗಿದ ಮೇಲೆ ಹ್ಯಾಂಡಲ್ ತಿರುಗಿಸಿ ಮಾಸ್ಟರ್ ಸಿಲಿಂಡರ್ ಎಲ್ಲಕ್ಕಿಂತ ಎತ್ತರಕ್ಕೆ ಬರುವಂತೆ ಮಾಡಿ, ಲಿವರ್ ಒತ್ತಿ ಬಟ್ಟೆಯಿಂದ ಕಟ್ಟಿ ರಾತ್ರಿ ಬಿಟ್ಟರೆ ಉಳಿದ ಸಣ್ಣ ಗುಳ್ಳೆಗಳೂ ಮೇಲೆ ಬರುತ್ತವೆ. ಆಯಿಲ್ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಮಾತ್ರ ಹಾಕಿ. ಇದು ಗಾಳಿಯ ತೇವ ಹೀರುತ್ತದೆ, ನಮ್ಮೂರಲ್ಲಿ ಪ್ರತಿ ವರ್ಷ ಮಳೆಗಾಲ ಮುಗಿದ ಕೂಡಲೇ ಬದಲಿಸುವುದು ಲೇಸು. ಟ್ಯಾಂಕಿನ ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ.

ಬ್ರೇಕ್ ಲೈಟ್‌ಗೆ ಲಿವರ್ ಕೆಳಗಿನ ಸ್ವಿಚ್‌ನ ಎರಡು ವಯರ್‌ಗಳನ್ನು ಹಿಂದಿನ ಸ್ವಿಚ್‌ಗೆ ಸಮಾಂತರವಾಗಿ ಕೊಟ್ಟರೆ ಆಯಿತು. ಚಕ್ರ ಬದಲಾಗಿರುವುದರಿಂದ ಮೀಟರ್ ಸರಿ ತೋರಿಸುತ್ತದೆಯೇ ಎಂಬುದನ್ನು ಹೆದ್ದಾರಿ 66ರಲ್ಲಿ ಫೋನಿನ ಜಿಪಿಎಸ್ ಜೊತೆ ಹೋಲಿಸಿ ನೋಡಿ. ಅಲ್ಯೂಮಿನಿಯಂಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕುವಾಗ ಥ್ರೆಡ್‌ಗೆ ಕಾಪರ್ ಗ್ರೀಸ್ ಸವರಿ, ಇಲ್ಲದಿದ್ದರೆ ಉಪ್ಪಿನ ಗಾಳಿಗೆ ಎರಡೂ ಕಚ್ಚಿಕೊಂಡು ಮುಂದಿನ ಸಲ ಬೋಲ್ಟ್ ತುಂಡಾಗುತ್ತದೆ.

ಹೊಸ ಪ್ಯಾಡ್ ಕೂರಲು ಖಾಲಿ ರಸ್ತೆಯಲ್ಲಿ 40ರಿಂದ 10 ಕಿಮೀ ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಮೂವತ್ತು ಸಲ ಹಿಡಿಯಿರಿ. 200 ಕಿಮೀ ಆದ ಮೇಲೆ ಮುಂದಿನ ಚಕ್ರ ಎತ್ತಿ ಫೋರ್ಕ್ ಹಿಂದೆ ಮುಂದೆ ಎಳೆದು ನೋಡಿ. ಹೊಸ ಬೇರಿಂಗ್ ಕೂತುಕೊಂಡು ಸ್ವಲ್ಪ ಆಟ ಬಂದೇ ಬರುತ್ತದೆ. ಸ್ಟೆಮ್ ಮೇಲಿನ ರಿಂಗ್ ನಟ್ ಬಿಗಿಮಾಡಿ ಸ್ವಲ್ಪವೇ ಸಡಿಲಿಸಿ: ಕಟಕಟ ಸದ್ದು ಇರಬಾರದು, ಮಧ್ಯದಿಂದ ಬೆರಳಲ್ಲಿ ತಳ್ಳಿದರೆ ಹ್ಯಾಂಡಲ್ ತನ್ನ ಭಾರಕ್ಕೇ ಪಕ್ಕಕ್ಕೆ ಬೀಳಬೇಕು. ಅದೇ ಹೊತ್ತಿಗೆ ಟಿಯ ಬೋಲ್ಟ್, ಕ್ಯಾಲಿಪರ್ ಬೋಲ್ಟ್, ಆಕ್ಸಲ್ ನಟ್ ಮೂರನ್ನೂ ಪಲ್ಸರ್‌ಗೆ ಹೇಳಿದ ಟಾರ್ಕ್‌ಗೆ ಮತ್ತೊಮ್ಮೆ ಹಾಕಿಸಿ, ಘಾಟಿ ಇಳಿಯುವುದು ಆಮೇಲೆ.