ಪೆಟ್ಟಿಗೆಗೆ ಹಿಡಿಯದ ಕಾರ್ಡುಗಳು

1957ರಲ್ಲಿ ಟಾಪ್ಸ್ ಕಂಪನಿ ತನ್ನ ಬೇಸ್‌ಬಾಲ್ ಕಾರ್ಡಿನ, ಅಂದರೆ ಆಟಗಾರನ ಚಿತ್ರವಿರುವ, ಜನ ಕೂಡಿಡುವ ರಟ್ಟಿನ ಚೀಟಿಯ, ಅಳತೆಯನ್ನು ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದಕ್ಕೆ ಇಳಿಸಿತು. ಅಲ್ಲಿಂದಾಚೆಗೆ ಅಮೆರಿಕದಲ್ಲಿ ಕಾರ್ಡು ಎಂದರೆ ಆ ಅಳತೆಯೇ ಎಂಬಂತಾಯಿತು. ಪೆಟ್ಟಿಗೆ, ಆಲ್ಬಂ ಹಾಳೆ, ಗಟ್ಟಿ ಕವಚ ಎಲ್ಲವೂ ಅದಕ್ಕೇ ಹೊಂದಿಕೊಂಡವು. ನಾನು ಕೂಡಿಡುವುದು ಆ ಅಳತೆಯನ್ನು ಮೀರಿದವುಗಳನ್ನು ಮಾತ್ರ. ಷಿಕಾಗೊ ಪಕ್ಕದ ಊರಿಗೆ ಬಂದು ನೆಲೆಸಿದ ಮೇಲೆ ಬೇಸ್‌ಬಾಲ್ ರುಚಿ ಹತ್ತಿತು, ಹಿಂದೆಯೇ ಕಾರ್ಡುಗಳ ಹುಚ್ಚೂ ಬಂತು. ಮ್ಯಾಂಟಲ್, ಮೇಸ್, ಕ್ಲೆಮೆಂಟೆಯಂಥ ಹೆಸರಾಂತ ಆಟಗಾರರ ಕಾರ್ಡು ಬೇಕು ಎಂಬ ಆಸೆ ದೊಡ್ಡದಿತ್ತು, ಕೈಯಲ್ಲಿ ಕಾಸು ಕಡಿಮೆ ಇತ್ತು. ಎರಡಕ್ಕೂ ಹೊಂದುವ ಜಾಗ ದೊಡ್ಡ ಕಾರ್ಡುಗಳ ಮೂಲೆಯಲ್ಲಿ ಸಿಕ್ಕಿತು.

ಶುರು ಮಾಡುವವರಿಗೆ ನಾನು ಕಣ್ಣುಮುಚ್ಚಿ ಹೇಳುವುದು 1964ರ ಟಾಪ್ಸ್ ಜೈಂಟ್ಸ್. ಒಟ್ಟು 60 ಕಾರ್ಡು. ಅಗಲ ಮೂರು ಅಂಗುಲಕ್ಕೆ ತುಸು ಹೆಚ್ಚು, ಉದ್ದ ಐದೂಕಾಲು ಅಂಗುಲ; ಹತ್ತಿರ ಹತ್ತಿರ ಪೋಸ್ಟ್‌ಕಾರ್ಡಿನಷ್ಟು. ಮುಂಬದಿಯಲ್ಲಿ ಬಿಳಿ ಅಂಚಿನೊಳಗೆ ದೊಡ್ಡ ಬಣ್ಣದ ಚಿತ್ರ, ಕೆಳಗೆ ಒಂದು ಬಿಳಿ ಚೆಂಡು, ಅದರೊಳಗೆ ಆಟಗಾರನ ಹೆಸರು, ತಂಡ, ಆಡುವ ಸ್ಥಾನ. ಹಿಂಬದಿಯಂತೂ ದಿನಪತ್ರಿಕೆಯ ಪುಟವೇ: ಇನ್ನೊಂದು ಫೋಟೊ, ಸುತ್ತ ಆತನ ಯಾವುದೋ ಒಂದು ಸಾಧನೆಯ ವರದಿ. ಬಹುಪಾಲು ತಾರೆಯರನ್ನೇ ಆರಿಸಿ ಮಾಡಿದ ಕಟ್ಟು ಇದು. ಹಾಗಿದ್ದೂ ಇಲ್ಲಿನ ಮಿಕಿ ಮ್ಯಾಂಟಲ್, ಅದೇ ವರ್ಷದ ಮಾಮೂಲಿ ಅಳತೆಯ ಮ್ಯಾಂಟಲ್‌ಗಿಂತ ಎಷ್ಟೋ ಅಗ್ಗ. ಪೆಟ್ಟಿಗೆಗೆ ಹಿಡಿಯುವುದಿಲ್ಲ ಎಂಬ ಕಾರಣಕ್ಕೆ ಇದನ್ನು ಪಕ್ಕಕ್ಕೆ ಸರಿಸಿದವರಿಗೆ ನಾನು ಋಣಿ.

ಏಳು ಕಾರ್ಡುಗಳು ಉಳಿದವುಗಳಿಗಿಂತ ಕಡಿಮೆ ಸಂಖ್ಯೆಯಲ್ಲಿ ಅಚ್ಚಾದವು ಎಂಬುದು ಸಂಗ್ರಾಹಕರ ನಡುವೆ ನೆಲೆನಿಂತ ಮಾತು. ಅವುಗಳಲ್ಲಿ 3ನೆಯದು ಸ್ಯಾಂಡಿ ಕೂಫಾಕ್ಸ್, 51ನೆಯದು ವಿಲ್ಲಿ ಮೇಸ್. ಜೇಬಿಗೆ ಕತ್ತರಿ ಬೀಳುವುದು ಇವೆರಡರಿಂದ. ನಾನು ಮೊದಲು ಈ ಇಬ್ಬರನ್ನು ಕೊಂಡು, ಉಳಿದವರನ್ನು ಆಮೇಲೆ ನಿಧಾನವಾಗಿ ಕೂಡಿಸಿದೆ. ಹಲವರು ಇದರ ಉಲ್ಟಾ ಮಾಡುತ್ತಾರೆ. ಐವತ್ತು ಕಾರ್ಡು ಸೇರಿಸಿ, ಕೊನೆಗೆ ದುಬಾರಿಯವುಗಳ ಮುಂದೆ ದಣಿದು ಎಲ್ಲವನ್ನೂ ಮಾರಿಬಿಡುತ್ತಾರೆ. ಅಂಥವರಿಂದಲೂ ನಾನು ಕೊಂಡಿದ್ದೇನೆ.

ಕೊಳ್ಳುವಾಗ ಜೇಬಿನಲ್ಲಿ ಒಂದು ಸ್ಟೀಲ್ ಸ್ಕೇಲು, ಒಂದು ಭೂತಗನ್ನಡಿ ಇರಲೇಬೇಕು. ದೊಡ್ಡ ಕಾರ್ಡಿನ ಮೂಲೆ ಬೇಗ ಜಜ್ಜುತ್ತದೆ. ಜಜ್ಜಿದ ಮೂಲೆಯನ್ನು ಮರೆಮಾಚಲು ಅಂಚನ್ನು ಕೂದಲೆಳೆಯಷ್ಟು ಕತ್ತರಿಸುವ ಚಾಳಿ ಈ ವ್ಯಾಪಾರದಲ್ಲಿ ಹಳೆಯದು. ಅರವತ್ತು ವರ್ಷ ದಾಟಿದ ಕಾರ್ಡಿನ ನಾಲ್ಕೂ ಮೂಲೆಗಳು ನಿನ್ನೆ ತಾನೆ ಕತ್ತರಿಸಿದಂತೆ ಚೂಪಾಗಿದ್ದರೆ ನಾನು ಸಂತೋಷಪಡುವುದಿಲ್ಲ, ಸ್ಕೇಲು ತೆಗೆಯುತ್ತೇನೆ. ಅದೇ ಕಟ್ಟಿನ ಮತ್ತೊಂದು ಕಾರ್ಡಿನ ಬೆನ್ನಿಗೆ ಬೆನ್ನು ಹಚ್ಚಿ ಹಿಡಿದರೆ ಇನ್ನೂ ಬೇಗ ಗೊತ್ತಾಗುತ್ತದೆ.

ಭೂತಗನ್ನಡಿ ಇರುವುದು ಅಕ್ಷರ ನೋಡಲು. ಆಫ್‌ಸೆಟ್ ಮುದ್ರಣದಲ್ಲಿ ಚಿತ್ರವೆಲ್ಲ ಸಣ್ಣ ಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತದೆ, ಅದು ಸಹಜ. ಹಿಂಬದಿಯ ಬರಹ ಮಾತ್ರ ಅಸಲಿಯಲ್ಲಿ ಒಂದೇ ಮಸಿಯ ತುಂಬು ಗೆರೆ. ಸ್ಕ್ಯಾನ್ ಮಾಡಿ ಮರುಮುದ್ರಿಸಿದ ನಕಲಿನಲ್ಲಿ ಅಕ್ಷರದ ಅಂಚೂ ಚುಕ್ಕೆಚುಕ್ಕೆಯಾಗಿ ಚದುರಿರುತ್ತದೆ. ಕಣ್ಣು ಪಳಗಿದ ಮೇಲೆ ಇದಕ್ಕೆ ಅರ್ಧ ನಿಮಿಷ ಸಾಕು. ಗಾಜಿನ ಕೆಳಗಿಂದ ತೆಗೆದು ತೋರಿಸಲು ಒಲ್ಲೆ ಎನ್ನುವ ವ್ಯಾಪಾರಿಯ ಮೇಜಿನ ಮುಂದೆ ನಾನು ನಿಲ್ಲುವುದೇ ಇಲ್ಲ.

ಇದೇ ಷಿಕಾಗೊದ ಎಕ್ಸಿಬಿಟ್ ಸಪ್ಲೈ ಕಂಪನಿ 1921ರಿಂದ ತಂದ ಕಾರ್ಡುಗಳೂ ಪೋಸ್ಟ್‌ಕಾರ್ಡ್ ಅಳತೆಯವೇ. ಮನರಂಜನಾ ಕೇಂದ್ರಗಳಲ್ಲಿಟ್ಟ ಯಂತ್ರಕ್ಕೆ ಒಂದು ಸೆಂಟ್ ಹಾಕಿದರೆ ದಪ್ಪ ರಟ್ಟಿನ, ಏಕವರ್ಣದ ಕಾರ್ಡೊಂದು ಹೊರಬೀಳುತ್ತಿತ್ತು. ಹಲವುಗಳ ಹಿಂಬದಿ ಖಾಲಿ, ಹಾಗಾಗಿ ಪರೀಕ್ಷಿಸಲು ಬರಹ ಸಿಗುವುದಿಲ್ಲ. ಮರುಮುದ್ರಣಗಳೂ ಬೇಕಾದಷ್ಟು ಓಡಾಡುತ್ತಿವೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನವುಗಳಿಗೆ ಅತಿನೇರಳೆ ಟಾರ್ಚು ನೆರವಾಗುತ್ತದೆ. ಕಾಗದವನ್ನು ಬೆಳ್ಳಗೆ ಹೊಳೆಯಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು ಆ ನಂತರ. ಆದ್ದರಿಂದ 1930ರ ಕಾರ್ಡು ಕತ್ತಲಲ್ಲಿ ನೀಲಿಯಾಗಿ ಝಗಮಗಿಸಿದರೆ ಅದನ್ನು ಅಲ್ಲೇ ಬಿಟ್ಟು ಬನ್ನಿ. ಐವತ್ತರ ದಶಕದವುಗಳಿಗೆ ಈ ಉಪಾಯವನ್ನು ನಂಬಬೇಡಿ.

ಟಾಪ್ಸ್‌ನವರದೇ ಇನ್ನೊಂದು ದೊಡ್ಡ ಅಳತೆಯ ಕಾರ್ಡುಗಳಾದ ಸೂಪರ್ ಕಟ್ಟುಗಳು ನನಗೆ ಅಷ್ಟಾಗಿ ಹಿಡಿಸಿಲ್ಲ. 1970ರದ್ದು 42 ಕಾರ್ಡು, 1971ರದ್ದು 63. ದಪ್ಪ ರಟ್ಟು, ದುಂಡು ಮೂಲೆ, ಹಾಗಾಗಿ ಚೆನ್ನಾಗಿ ಉಳಿದುಕೊಂಡಿವೆ. ಹಿಂಬದಿಯಲ್ಲಿ ಮಾಮೂಲಿ ಕಾರ್ಡಿನದನ್ನೇ ಹಿಗ್ಗಿಸಿ ಅಚ್ಚು ಹಾಕಿದ್ದಾರೆ. ಇದು ಸೋಮಾರಿತನ ಎಂದೇ ನನ್ನ ಅಭಿಪ್ರಾಯ. 1970ರ 38ನೆಯ ಕಾರ್ಡು, ಬೂಗ್ ಪೋವೆಲ್, ವಿರಳ. ಅದೊಂದರ ಬೆಲೆ ಕೇಳಿಯೇ ಆ ಕಟ್ಟನ್ನು ಕೈಬಿಟ್ಟೆ.

ಇಡುವ ಬಗೆಯೇ ನಿಜವಾದ ತಲೆನೋವು. ಒಂಬತ್ತು ಕಿಸೆಯ ಹಾಳೆಗೆ ಇವು ತೂರುವುದಿಲ್ಲ. ಪೋಸ್ಟ್‌ಕಾರ್ಡಿಗೆಂದು ಮಾಡಿದ ನಾಲ್ಕು ಕಿಸೆಯ ಹಾಳೆಯಲ್ಲಿ ಜೈಂಟ್ಸ್ ಉದ್ದಕ್ಕೆ ಬಿಗಿ. ನೂಕಿದರೆ ಮೂಲೆ ಹೋಯಿತೆಂದೇ ಅರ್ಥ. ಕಿಸೆಯ ಬಾಯನ್ನು ಬೆರಳಿನಿಂದ ಅಗಲಿಸಿ, ಕಾರ್ಡನ್ನು ತುಸು ಓರೆಯಾಗಿ ಇಳಿಸಿ, ಆಮೇಲೆ ನೇರ ಮಾಡುತ್ತೇನೆ. ಹಳೆಯ ಪಿವಿಸಿ ಹಾಳೆಗಳಲ್ಲಿ ಬಂದ ಕಾರ್ಡನ್ನು ಮನೆಗೆ ತಂದ ದಿನವೇ ಹೊರತೆಗೆಯುತ್ತೇನೆ. ಆ ಪ್ಲಾಸ್ಟಿಕ್ ವರ್ಷ ಕಳೆದಂತೆ ಜಿಗುಟಾಗಿ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಎಂದು ಬರೆದದ್ದನ್ನೇ ಕೊಳ್ಳಿ. ನೆಲಮಾಳಿಗೆಯಲ್ಲಿ ಇಡಬೇಡಿ, ಇಲ್ಲಿನ ಬೇಸಿಗೆಯ ತೇವಕ್ಕೆ ದೊಡ್ಡ ಕಾರ್ಡು ಬಿಲ್ಲಾಗುತ್ತದೆ.

ಈಗ ಕಣ್ಣು ಟರ್ಕಿ ರೆಡ್ ಮೇಲೆ ಬಿದ್ದಿದೆ. 1910–11ರಲ್ಲಿ ಆ ಹೆಸರಿನ ಸಿಗರೇಟಿನ ಕೂಪನ್ ಕೂಡಿಸಿ ಕಳಿಸಿದವರಿಗೆ ಅಂಚೆಯಲ್ಲಿ ಬರುತ್ತಿದ್ದ ಚಿತ್ರಗಳಿವು. ಐದೂಮುಕ್ಕಾಲು ಅಂಗುಲ ಅಗಲ, ಎಂಟು ಅಂಗುಲ ಉದ್ದ. ಬೂದು ಚೌಕಟ್ಟಿನೊಳಗೆ ಕಲ್ಲಚ್ಚಿನ ಬಣ್ಣ, ಕೆಳಗೊಂದು ಹೆಸರಿನ ಫಲಕ. ಕಾರ್ಡುಗಳನ್ನು ಅಕ್ಷರ–ಸಂಖ್ಯೆಯಲ್ಲಿ ವಿಂಗಡಿಸಿ, ತನ್ನ ಭಾರಿ ಸಂಗ್ರಹವನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಕೊಟ್ಟ ಜೆಫರ್ಸನ್ ಬರ್ಡಿಕ್ ಇದಕ್ಕೆ ಟಿ3 ಎಂದು ಗುರುತು ಹಾಕಿದ. ಆ ಕಾಲದ ದೊಡ್ಡ ತಾರೆ ಟೈ ಕಾಬ್ ನನ್ನ ಪಾಲಿಗೆ ಬರುವವನಲ್ಲ. ಹೆಸರು ಮರೆತುಹೋದ ಆಟಗಾರನೊಬ್ಬ ಸಾಕು. ಆಗಿನವರು ಇವನ್ನು ಗೋಡೆಗೆ ಚುಚ್ಚಿ ಇಡುತ್ತಿದ್ದದ್ದರಿಂದ ಮೂಲೆಯಲ್ಲಿ ಮೊಳೆಯ ತೂತಿರುವ ಪ್ರತಿಗಳು ಸಿಗುತ್ತವೆ. ಶುದ್ಧಾಚಾರದ ಸಂಗ್ರಾಹಕರು ಅವನ್ನು ಮುಟ್ಟುವುದಿಲ್ಲ. ವ್ಯಾಪಾರಿಗಳಿಗೆ ಹೇಳಿಟ್ಟಿದ್ದೇನೆ, ತೂತಿದ್ದರೆ ಮೊದಲು ನನಗೆ ತಿಳಿಸಿ ಎಂದು.