ಇಲ್ಲಿ ನೆಲವೂ ಉರಿಯುತ್ತದೆ: ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಹೊಸದಾಗಿ ಬಂದ ಕಲಬುರಗಿ ಕಡೆಯವರಿಗೆ

ರಾಶಿ ಮುಗಿದ ಮೇಲೆ ಉಳಿದ ತೊಗರಿ ಕಟ್ಟಿಗೆಗೋ ಕಬ್ಬು ಕಡಿದ ಹೊಲದ ರವದಿಗೋ ಕಡ್ಡಿ ಗೀರುವುದು ಬೀದರ, ಕಲಬುರಗಿ, ಯಾದಗಿರಿ ಕಡೆ ದೊಡ್ಡ ಮಾತಲ್ಲ. ಬೆಂಕಿ ಬದುವಿಗೆ ಬಂದು ನಿಲ್ಲುತ್ತದೆ, ಎರೆ ಮಣ್ಣು ಉರಿಯುವುದಿಲ್ಲ. ಆ ಧೈರ್ಯ ಕ್ಯಾಮ್‌ಲೂಪ್ಸ್, ಕೆಲೋನಾ ಕಡೆ ನಡೆಯದು. ಇಲ್ಲಿನ ಪೈನ್ ಕಾಡಿನ ನೆಲದ ಮೇಲೆ ಸೂಜಿ ಎಲೆ, ತೊಗಟೆ, ಅರೆ ಕೊಳೆತ ಕಸ ಹಾಸಿಗೆಯಂತೆ ಬಿದ್ದಿರುತ್ತದೆ. ಮೇಲೆ ಆರಿದಂತೆ ಕಂಡ ಬೆಂಕಿ ಅದರೊಳಗೆ ಬೇರು ಹಿಡಿದು ಸಾಗಿ, ದಿನಗಳ ನಂತರ ಬೇರೆ ಕಡೆ ಏಳುತ್ತದೆ. ಹಿಮದ ಕೆಳಗೆ ಚಳಿಗಾಲ ಕಳೆದು ವಸಂತದಲ್ಲಿ ಏಳುವುದೂ ಉಂಟು.

ನಮ್ಮ ಪಂಚಾಂಗವೂ ಇಲ್ಲಿ ಉಲ್ಟಾ. ಊರಲ್ಲಿ ಮುಂಗಾರು ಹಿಡಿದಿರುವ ಜುಲೈ, ಆಗಸ್ಟ್‌ನಲ್ಲೇ ಇಲ್ಲಿ ಕಾಡು ಒಣಗಿ ಕಡ್ಡಿಯಾಗಿರುತ್ತದೆ. ಕಲಬುರಗಿ ಬಿಸಿಲು ಕಂಡವರಿಗೆ ಇದೇನು ಎನ್ನುವವರು ಇದೇ ಪ್ರಾಂತ್ಯದ ಲಿಟನ್ ಎಂಬ ಊರನ್ನು ನೆನಪಿಡಿ. 2021ರ ಜೂನ್ 29ರಂದು ಅಲ್ಲಿ 49.6 ಡಿಗ್ರಿ. ಮರುದಿನ ಊರಿನ ಬಹುಪಾಲು ಸುಟ್ಟುಹೋಯಿತು.

ಕಾನೂನು ಬೆಂಕಿಯನ್ನು ಗಾತ್ರದ ಮೇಲೆ ವಿಂಗಡಿಸುತ್ತದೆ. ಎತ್ತರ, ಅಗಲ ಎರಡೂ ಅರ್ಧ ಮೀಟರಿನೊಳಗೆ, ಅಂದರೆ ಸುಮಾರು ಒಂದು ಮೊಳ ಇದ್ದರೆ ಅದು ಕ್ಯಾಂಪ್‌ಫೈರ್. ಸೀತನಿ ಸುಡುವಷ್ಟು ಬೆಂಕಿ ಅನ್ನಿ. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲದೊಳಗಿನ ಒಂದೆರಡು ಗುಡ್ಡೆ ಅಥವಾ 0.2 ಹೆಕ್ಟೇರ್‌ವರೆಗಿನ ಹುಲ್ಲು ಎರಡನೇ ವರ್ಗ. ಹೋಳಿ ಹಬ್ಬಕ್ಕೆ ಆಳೆತ್ತರ ಕಟ್ಟಿಗೆ ಒಟ್ಟಿದರೆ ನೀವು ಈ ವರ್ಗಕ್ಕೆ ಬಂದಿರಿ. ಅದಕ್ಕಿಂತ ದೊಡ್ಡದು ಮೂರನೇ ವರ್ಗ, ಅದಕ್ಕೆ ಮೊದಲೇ ನೋಂದಣಿ ಸಂಖ್ಯೆ ಪಡೆಯಬೇಕು. ಒಂದೊಂದು ವರ್ಗಕ್ಕೆ ನಿಷೇಧ ಬೇರೆಬೇರೆಯಾಗಿ ಬರುತ್ತದೆ. ಪ್ರಾಂತ್ಯದ ವೈಲ್ಡ್‌ಫೈರ್ ಸರ್ವಿಸ್ ಆ್ಯಪ್ ಅದೇ ದಿನ ನೋಡಿ, ಆಮೇಲೆ ನಿಮ್ಮ ನಗರಸಭೆಯ ನಿಯಮ. ಪ್ರಾಂತ್ಯ ಬಿಟ್ಟರೂ ನಗರ ಬಿಡದಿರುವುದೇ ಹೆಚ್ಚು. ಪ್ಲಾಸ್ಟಿಕ್, ಟೈರ್, ಬಣ್ಣ ಬಳಿದ ಹಲಗೆಗಳನ್ನು ಯಾವತ್ತೂ ಸುಡುವಂತಿಲ್ಲ.

ನಿಷೇಧ ಮೀರಿದರೆ 1,150 ಡಾಲರ್ ಟಿಕೆಟ್. ಕೋರ್ಟಿಗೆ ಹೋದರೆ ದಂಡ 1,00,000 ಡಾಲರ್‌ವರೆಗೂ ಏರಬಹುದು, ಒಂದು ವರ್ಷದವರೆಗೆ ಜೈಲೂ ಇದೆ. ನಿಮ್ಮ ಬೆಂಕಿ ಕಾಡಿಗೆ ಹತ್ತಿದರೆ ಆರಿಸಿದ ಖರ್ಚೂ ನಿಮ್ಮ ತಲೆಗೇ ಬರಬಹುದು. ಕ್ಯಾಂಪ್‌ಫೈರ್ ನಿಷೇಧವಿದ್ದಾಗಲೂ ಸಿಎಸ್ಎ ಅಥವಾ ಯುಎಲ್‌ಸಿ ಎಂಬ ಸುರಕ್ಷತಾ ಗುರುತಿನ ಗ್ಯಾಸ್ ಒಲೆ ನಡೆಯುತ್ತದೆ, ಜ್ವಾಲೆ 15 ಸೆಂಟಿಮೀಟರ್ ದಾಟಬಾರದು. ಜೋಳದ ರೊಟ್ಟಿಗೆ ಅಷ್ಟು ಸಾಕು. ಮೂರು ಕಲ್ಲಿನ ಒಲೆ ಬೇಡ.

ಎಡವುವುದು ಹೊತ್ತಿಸುವಾಗ ಅಲ್ಲ, ಆರಿಸುವಾಗ. ಸುತ್ತ ಒಂದು ಮೀಟರ್ ಮಣ್ಣು ಕಾಣುವವರೆಗೆ ಕೆರೆದು ಹೊತ್ತಿಸಿ. ಸಲಿಕೆ ಅಥವಾ ಕನಿಷ್ಠ 8 ಲೀಟರ್ ನೀರು ಇರಬೇಕೆಂಬುದು ನಿಯಮ, ಎರಡನ್ನೂ ಇಟ್ಟುಕೊಳ್ಳುವುದು ಜಾಣತನ. ಮಣ್ಣು ಮುಚ್ಚಿ ಎದ್ದು ಬರುವುದು ನಮ್ಮವರ ಮಾಮೂಲಿ ತಪ್ಪು. ಬೆಳಗಿನ ಒಲೆಗೆಂದು ಅಜ್ಜಿಯರು ರಾತ್ರಿ ಕುಳ್ಳಿನ ಕೆಂಡಕ್ಕೆ ಬೂದಿ ಮುಚ್ಚಿಡುತ್ತಿದ್ದರಲ್ಲ, ಮುಚ್ಚಿದರೆ ಕೆಂಡ ಉಳಿಯುತ್ತದೆಂದೇ. ನೀರನ್ನು ಅಂಚಿನಿಂದ ನಿಧಾನ ಸುರಿಯಿರಿ. ಒಮ್ಮೆಲೇ ಸುರಿದರೆ ಬಿಸಿ ಬೂದಿ ಹಾರುತ್ತದೆ, ನೀರು ಮೇಲಿಂದಲೇ ಹರಿದುಹೋಗುತ್ತದೆ. ಸಲಿಕೆಯಿಂದ ಕಲಸಿ, ಕೊಳ್ಳಿಯ ಸುಟ್ಟ ಮೈ ಕೆರೆದು, ಕಲ್ಲುಗಳನ್ನು ಮಗುಚಿ ಮತ್ತೆ ಸುರಿಯಿರಿ. ಚುಂಯ್ ಎನ್ನುವ ಸದ್ದು ನಿಂತ ಮೇಲೆ ಅಂಗೈ ಹಿಂಭಾಗವನ್ನು ಬೂದಿಯ ಮೇಲೆ ಹಿಡಿದು ನೋಡಿ, ಕಾವು ತಾಗದಿದ್ದರೆ ಮುಟ್ಟಿ. ಬೂದಿ ತಣ್ಣಗಿದ್ದರಷ್ಟೇ ಹೊರಡಿ.

ಮನೆ ಸುಡುವುದು ಹೆಚ್ಚಾಗಿ ಉರಿಯ ಗೋಡೆ ಬಂದು ಅಪ್ಪಳಿಸಿ ಅಲ್ಲ, ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹಾರಿ ಬರುವ ಕಿಡಿಗಳಿಂದ. ಆದ್ದರಿಂದ ಮನೆಯ ಸುತ್ತ ಒಂದೂವರೆ ಮೀಟರ್‌ನಲ್ಲಿ ಉರಿಯುವುದೇನೂ ಬೇಡ, ಬರೀ ಜಲ್ಲಿ ಇರಲಿ. ಸೂರಿನ ದೋಣಿಯಲ್ಲಿ ಸೇರಿದ ಪೈನ್ ಎಲೆ ತೆಗೆಯಿರಿ, ಸೌದೆ ರಾಶಿ 10 ಮೀಟರ್ ದೂರ ಇಡಿ. ದೀಪಾವಳಿಗೆ ಬಲ್ಬಿನ ಆಕಾಶಬುಟ್ಟಿ ಕಟ್ಟಿ, ತೊಂದರೆ ಇಲ್ಲ. ಬೆಂಕಿ ಹಚ್ಚಿ ಮೇಲಕ್ಕೆ ಬಿಡುವ ದೀಪ ಮಾತ್ರ ಬೇಡ; ಎರಡನೇ ವರ್ಗದ ನಿಷೇಧವಿದ್ದಾಗ ಪಟಾಕಿಯ ಜೊತೆ ಅದೂ ಸಾಮಾನ್ಯವಾಗಿ ನಿಷಿದ್ಧ.

ಹೊಗೆಯೋ ಉರಿಯೋ ಕಂಡರೆ 1-800-663-5555, ಮೊಬೈಲಿನಿಂದ ಸ್ಟಾರ್ 5555. ತೆರವಿನ ಅಲರ್ಟ್, ಅಂದರೆ ಹೊರಡಲು ಸಿದ್ಧರಾಗಿ ಎಂಬ ಸೂಚನೆ ಬಂದರೆ ಪಾಸ್‌ಪೋರ್ಟ್, ವೀಸಾ ಕಾಗದ, ಔಷಧ ಚೀಲಕ್ಕೆ ಹಾಕಿ, ಕಾರಿನ ಮುಖ ರಸ್ತೆಗೆ ತಿರುಗಿಸಿಡಿ. ಆರ್ಡರ್ ಬಂತೆಂದರೆ ಆಗಿಂದಾಗಲೇ ಹೊರಡಬೇಕು. ಅದು ರದ್ದಾಗುವವರೆಗೆ ಒಳಗೆ ಬಿಡುವುದಿಲ್ಲ. ನಮ್ಮವರ ಮನೆಗೇ ಹೋಗುವವರಿದ್ದರೂ ತುರ್ತು ನೆರವಿನ ಕೇಂದ್ರದಲ್ಲಿ ಹೆಸರು ಬರೆಸಿ. ಇನ್ನು ಬಾಡಿಗೆಯಲ್ಲಿರುವವರು: ಮಾಲೀಕರ ವಿಮೆ ಗೋಡೆಗಷ್ಟೇ, ನಿಮ್ಮ ಸಾಮಾನಿಗಲ್ಲ. ಬೆಂಕಿ ಹತ್ತಿರ ಬಂದ ಮೇಲೆ ವಿಮೆಯವರು ಹೊಸ ಪಾಲಿಸಿ ನಿಲ್ಲಿಸಿಬಿಡುತ್ತಾರೆ, ಆದ್ದರಿಂದ ಬಾಡಿಗೆದಾರರ ವಿಮೆಯನ್ನು ಕೀಲಿ ಕೈಗೆ ಬಂದ ವಾರವೇ ಮಾಡಿಸಿಕೊಳ್ಳಿ.