ಹೊತ್ತು ಕಂತುವ ಮೊದಲೇ ಕೊಡಬೇಕಾದ ತೀರ್ಪು

ನವೆಂಬರ್ ಕೊನೆಯ ವಾರದಲ್ಲಿ ಕಾಸರಗೋಡಿನಲ್ಲಿ ಹೊತ್ತು ಕಂತುವುದು ಸಂಜೆ 6ರ ಆಸುಪಾಸಿಗೆ. ಶಾಲೆ ಬಿಡುವುದು 4ಕ್ಕೆ. ಮಕ್ಕಳು ಬಟ್ಟೆ ಬದಲಿಸಿ, ನೀರು ಕುಡಿದು, ಸುಣ್ಣದ ಗೆರೆ ಎಳೆದು, ಎರಡೂ ತಂಡ ಸಾಲು ನಿಲ್ಲುವಾಗ ಗಂಟೆ 4.20. ಉಳಿದದ್ದು ನೂರು ನಿಮಿಷ. 12 ವರ್ಷದೊಳಗಿನವರ ಬೇಸ್‌ಬಾಲ್‌ನಲ್ಲಿ ಒಂದು ಇನಿಂಗ್ಸಿಗೆ, ಅಂದರೆ ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡಿ ಮುಗಿಸುವುದಕ್ಕೆ, ನಾನು ಇಡುವ ಲೆಕ್ಕ 24 ನಿಮಿಷ. ಚೆಂಡು ಎಸೆಯುವ ಪಿಚರ್ ಸಾಲಾಗಿ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಬಿಟ್ಟಿ ಸಿಗುವ ಮೊದಲ ಬೇಸ್) ಕೊಡತೊಡಗಿದರೆ ಅದೂ ಸಾಲದು. ನಾಲ್ಕು ಇನಿಂಗ್ಸಿಗೆ 96 ನಿಮಿಷ ಬೇಕು. ಆರು ಇನಿಂಗ್ಸಿನ ಪಂದ್ಯ ಎಂದು ಕಾಗದದಲ್ಲಿ ಬರೆದಿದ್ದರೂ ಆ ತಿಂಗಳು ನಮಗೆ ಸಿಗುವುದು ನಾಲ್ಕೇ. ಅದಕ್ಕೇ ಬೆಳಕು ಸಾಲದೆಂದು ಆಟ ನಿಲ್ಲಿಸುವ ತೀರ್ಪನ್ನು ಅಂಪೈರ್ ಆದ ನಾನು 6 ಗಂಟೆಗೆ ಆಕಾಶ ನೋಡಿ ಕೊಡುವುದಿಲ್ಲ. 4.10ಕ್ಕೆ ಇಬ್ಬರು ಕೋಚ್‌ಗಳನ್ನೂ ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟ್ ಹತ್ತಿರ ಕರೆದಾಗಲೇ ಅದರ ಮುಕ್ಕಾಲು ಪಾಲು ಮುಗಿದಿರುತ್ತದೆ.

ನಾಲ್ಕು ಎಂಬ ಸಂಖ್ಯೆಗೆ ಕಾರಣವಿದೆ. ಅಮೆರಿಕದ ಮಕ್ಕಳ ಬೇಸ್‌ಬಾಲ್ ಸಂಸ್ಥೆಯಾದ ಲಿಟಲ್ ಲೀಗ್‌ನ ನಿಯಮದಲ್ಲಿ ಆರು ಇನಿಂಗ್ಸಿನ ಪಂದ್ಯ ನಾಲ್ಕು ಇನಿಂಗ್ಸ್ ಮುಗಿದರೆ ಪೂರ್ಣ ಪಂದ್ಯವೆಂದು ಲೆಕ್ಕ. ಕೊನೆಗೆ ಬ್ಯಾಟ್ ಮಾಡುವ ತಂಡ, ಅಂದರೆ ಹೋಮ್ ಟೀಮ್, ಮುಂದಿದ್ದರೆ ಮೂರೂವರೆ ಸಾಕು. ದೊಡ್ಡವರ ಒಂಬತ್ತು ಇನಿಂಗ್ಸಿನ ಪಂದ್ಯಕ್ಕೆ ಇದು ಐದು, ಅಥವಾ ನಾಲ್ಕೂವರೆ. ಈ ಗೆರೆ ದಾಟುವ ಮೊದಲು ಬೆಳಕು ಹೋದರೆ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಲಿಟಲ್ ಲೀಗ್‌ನಲ್ಲಿ ಒಂದಾದರೂ ಇನಿಂಗ್ಸ್ ಆಗಿದ್ದರೆ ಪಂದ್ಯವನ್ನು ಇನ್ನೊಂದು ದಿನ ನಿಂತ ಜಾಗದಿಂದಲೇ ಮುಂದುವರಿಸಬೇಕು. ನಮ್ಮಲ್ಲಿ ಆ ಇನ್ನೊಂದು ದಿನ ಸಿಗುವುದೇ ಕಷ್ಟ. ಪೆರ್ಲದ ಮಕ್ಕಳು ಮಂಜೇಶ್ವರಕ್ಕೆ ಮತ್ತೊಮ್ಮೆ ಬರಬೇಕೆಂದರೆ ಜೀಪಿನ ಬಾಡಿಗೆಯಿಂದ ಹಿಡಿದು ಪರೀಕ್ಷೆಯ ತನಕ ಎಲ್ಲವೂ ಅಡ್ಡ ಬರುತ್ತದೆ. ಹೀಗಾಗಿ ಸಂಜೆಯ ಪಂದ್ಯದಲ್ಲಿ ನನ್ನ ಗಮನವೆಲ್ಲ ನಾಲ್ಕನೇ ಇನಿಂಗ್ಸಿನ ಮೇಲೆ. 4.20ಕ್ಕೆ ಶುರುವಾದರೆ ಮೂರು ಇನಿಂಗ್ಸ್ 5.32ಕ್ಕೆ ಮುಗಿಯುತ್ತದೆ, ನಾಲ್ಕನೆಯದು 5.56ಕ್ಕೆ. 4.40ಕ್ಕೆ ಶುರುವಾದರೆ ನಾಲ್ಕನೆಯದು ಶುರುವಾಗುವುದೇ 5.52ಕ್ಕೆ, ಅದು ಮುಗಿಯುವ ಇನಿಂಗ್ಸ್ ಅಲ್ಲ. ಅತಿಥಿಗಳ ಭಾಷಣಕ್ಕೆ ಹೋದ ಇಪ್ಪತ್ತು ನಿಮಿಷ ಇಡೀ ಪಂದ್ಯವನ್ನೇ ನುಂಗುತ್ತದೆ. ಭಾಷಣವನ್ನು ಆಟ ಮುಗಿದ ಮೇಲೆ ಇಟ್ಟುಕೊಳ್ಳಿ ಎಂದು ಸಂಘಟಕರಿಗೆ ಮೊದಲೇ ಹೇಳಿಬಿಡುತ್ತೇನೆ.

ಪ್ಲೇಟಿನ ಹತ್ತಿರದ ಮಾತುಕತೆಯಲ್ಲಿ ನಾನು ಹೇಳುವುದು ಮೂರೇ ವಿಷಯ. ಮೊದಲನೆಯದು ಗಂಟೆ: ಸೂರ್ಯಾಸ್ತಕ್ಕೆ 20 ನಿಮಿಷ ಉಳಿದ ಮೇಲೆ ಹೊಸ ಇನಿಂಗ್ಸ್ ಇಲ್ಲ, ಮೋಡವಿದ್ದರೆ 35 ನಿಮಿಷ. ಎರಡನೆಯದು, ಇನಿಂಗ್ಸಿನ ನಡುವೆ ಆಟ ನಿಂತರೆ ಸ್ಕೋರು ಏನಾಗುತ್ತದೆ ಎಂಬುದು. ಮೂರನೆಯದು, ಆಟಗಾರರ ಪಟ್ಟಿ ನನ್ನ ಕೈಗೆ ಬಂದ ಮೇಲೆ ನಿಲ್ಲಿಸುವ, ಮುಂದುವರಿಸುವ ತೀರ್ಮಾನ ಹೋಮ್ ಪ್ಲೇಟಿನ ಹಿಂದೆ ನಿಲ್ಲುವ ಪ್ಲೇಟ್ ಅಂಪೈರ್ ಒಬ್ಬರದ್ದೇ ಎಂಬುದು. ಮೂರನ್ನೂ ಸ್ಕೋರ್ ಪುಸ್ತಕದ ಮೊದಲ ಪುಟದಲ್ಲಿ ಬರೆಸಿ ಇಬ್ಬರಿಂದಲೂ ಸಹಿ ಹಾಕಿಸುತ್ತೇನೆ. ನಿಯಮದ ಲೆಕ್ಕದಲ್ಲಿ ಹಿಂದಿನ ಇನಿಂಗ್ಸಿನ ಮೂರನೇ ಔಟ್ ಬಿದ್ದ ಕ್ಷಣವೇ ಮುಂದಿನ ಇನಿಂಗ್ಸ್ ಶುರು, ಮೊದಲ ಚೆಂಡು ಎಸೆದಾಗ ಅಲ್ಲ. ಇದು ತುಂಬ ಜನರಿಗೆ ಗೊತ್ತಿಲ್ಲ. ಆದ್ದರಿಂದ ಆ ಔಟ್ ಬೀಳುವಾಗಲೇ ಗಡಿಯಾರ ನೋಡಬೇಕು. ನೀರು ಕುಡಿದು ಬಂದು ನೋಡಿದರೆ ತಡವಾಯಿತು.

ಎರಡನೇ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಜಗಳ ಆಗುವುದೆಲ್ಲ ಅಲ್ಲೇ. ನಾಲ್ಕು ಇನಿಂಗ್ಸ್ ಮುಗಿದಾಗ ಹೋಮ್ ಟೀಮ್ 4, ವಿಸಿಟಿಂಗ್ ಟೀಮ್ 3 ಎಂದಿಟ್ಟುಕೊಳ್ಳಿ. ಐದನೆಯದರ ಮೊದಲರ್ಧದಲ್ಲಿ ಹೊರಗಿನವರು ಮೂರು ರನ್ ಹೊಡೆದು 6–4 ಮಾಡುತ್ತಾರೆ. ಎರಡನೇ ಅರ್ಧದಲ್ಲಿ ಒಂದು ಔಟ್ ಆದಾಗ ಕತ್ತಲೆ. ಕೊನೆಯ ಪೂರ್ಣ ಇನಿಂಗ್ಸಿಗೆ ಹಿಂದೆ ಹೋಗುವ ಪದ್ಧತಿ ಇರುವ ಕಡೆ ಆ ಮೂರು ರನ್ ಅಳಿಸಿಹೋಗಿ ಹೋಮ್ ಟೀಮ್ 4–3ರಲ್ಲಿ ಗೆಲ್ಲುತ್ತದೆ. ಪಂದ್ಯವನ್ನು ಸಸ್ಪೆಂಡ್ ಮಾಡುವ ಪದ್ಧತಿ ಇದ್ದರೆ 6–4, ಒಂದು ಔಟ್, ಅಲ್ಲಿಂದಲೇ ಇನ್ನೊಂದು ದಿನ. ಒಂದೇ ಸಂಜೆ, ಒಂದೇ ಆಟ, ಎರಡು ಬೇರೆ ಫಲ. ಯಾವುದು ನಮಗೆ ಅನ್ವಯ ಎಂದು 4.10ಕ್ಕೆ ಹೇಳಿದರೆ ಅದು ನಿಯಮ. 6 ಗಂಟೆಗೆ ಹೇಳಿದರೆ ಅಂಪೈರ್ ಒಂದು ಕಡೆ ವಾಲಿದ ಹಾಗೆ ಕಾಣುತ್ತದೆ. ಅದೇ ಐದನೆಯದರ ಎರಡನೇ ಅರ್ಧದಲ್ಲಿ ಹೋಮ್ ಟೀಮ್ ಮತ್ತೆ ಮುಂದೆ ಹೋಗಿದ್ದರೆ ತಕರಾರಿಲ್ಲ, ಇಬ್ಬರಿಗೂ ಅವಕಾಶ ಸಿಕ್ಕಿದೆ, ನಿಂತ ಸ್ಕೋರೇ ಸ್ಕೋರು. ಹೊಸ ದಿನ ಹುಡುಕುವುದು ಕಷ್ಟವೆಂದು ಗೊತ್ತಿದ್ದೂ ನನ್ನ ಒಲವು ಸಸ್ಪೆಂಡ್ ಮಾಡುವುದರ ಕಡೆಗೇ. ಮಕ್ಕಳು ಓಡಿ ಗಳಿಸಿದ ರನ್ನನ್ನು ಅಳಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಅದಕ್ಕಿಂತ ಒಳ್ಳೆಯದು ಆ ಐದನೇ ಇನಿಂಗ್ಸನ್ನು ಶುರು ಮಾಡದೇ ಇರುವುದು.

ಇನ್ನು ಬೆಳಕನ್ನು ನೋಡುವ ಬಗೆ. ಹೋಮ್ ಪ್ಲೇಟಿನಿಂದ ಪಿಚರ್ ಮೂಲಕ ಎರಡನೇ ಬೇಸಿಗೆ ಹೋಗುವ ಗೆರೆ ಪೂರ್ವ–ಈಶಾನ್ಯಕ್ಕೆ ಇರುವುದು ಒಳ್ಳೆಯದು ಎಂದು ನಿಯಮ ಪುಸ್ತಕ ಹೇಳುತ್ತದೆ, ಸಂಜೆಯ ಬಿಸಿಲು ಬ್ಯಾಟರ್‌ನ ಕಣ್ಣಿಗೆ ಹೊಡೆಯದಿರಲಿ ಎಂದು. ಆದರೆ ಮುಸ್ಸಂಜೆಯಲ್ಲಿ ಇದಕ್ಕೊಂದು ಬೆಲೆ ತೆರಬೇಕು. ನಮ್ಮ ಕಡೆಯ ಎಷ್ಟೋ ಮೈದಾನ ಗುಡ್ಡ ಕಡಿದು ಮಾಡಿದ್ದು. ಪಡುವಣ ಸಮುದ್ರದ ಕಡೆ ತೆರೆದ ಆಕಾಶ, ಮೂಡಣ ಕಡೆ ಮುರಕಲ್ಲಿನ ಗೋಡೆ, ಅದರ ಮೇಲೆ ಗೇರು ಮರಗಳು. ಪಿಚರ್, ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವಿನ ಫೀಲ್ಡರ್), ಎರಡನೇ ಬೇಸಿನ ಹತ್ತಿರ ನಿಂತ ಬೇಸ್ ಅಂಪೈರ್ ಇವರೆಲ್ಲ ನೋಡುವುದು ಪಡುವಣಕ್ಕೆ. ಅಲ್ಲಿ ಇನ್ನೂ ಕಿತ್ತಳೆ ಬೆಳಕಿದೆ. ಬ್ಯಾಟರ್, ಅವನ ಹಿಂದೆ ಚೆಂಡು ಹಿಡಿಯಲು ಕೂರುವ ಕ್ಯಾಚರ್ ಮತ್ತು ಪ್ಲೇಟ್ ಅಂಪೈರ್ ನೋಡುವುದು ಕಪ್ಪಾಗುತ್ತಿರುವ ಗುಡ್ಡವನ್ನು. ಬೇಸ್ ಅಂಪೈರ್ “ಬೆಳಕು ಧಾರಾಳ ಇದೆ” ಎಂದರೆ ಅವರು ಸುಳ್ಳು ಹೇಳುತ್ತಿಲ್ಲ, ಅವರ ಕಡೆಗೆ ಇದೆ. ಅವರನ್ನು ಕೇಳುತ್ತೇನೆ, ಆದರೆ ತೀರ್ಮಾನ ಬ್ಯಾಟರ್‌ನ ಕಣ್ಣಿನದ್ದಾಗಬೇಕು.

12 ವರ್ಷದ ಹುಡುಗ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡು ಪಿಚರ್‌ನಿಂದ ಪ್ಲೇಟಿನ ತನಕದ 46 ಅಡಿ, ಅಂದರೆ 14 ಮೀಟರ್, ದಾಟಲು ಸುಮಾರು 0.6 ಸೆಕೆಂಡ್. ಅದರಲ್ಲಿ ಕಾಲು ಸೆಕೆಂಡ್ ತಡವಾಗಿ ಚೆಂಡು ಕಂಡರೆ ಮುಖ ತಿರುಗಿಸುವುದಕ್ಕೂ ಹೊತ್ತಿಲ್ಲ.

ಪ್ರತಿ ಅರ್ಧ ಇನಿಂಗ್ಸ್ ಮುಗಿದಾಗ ನಾನು ಒಂದು ಪರೀಕ್ಷೆ ಮಾಡುತ್ತೇನೆ. ಆಟದಲ್ಲಿದ್ದ ಚೆಂಡನ್ನೇ ಪಿಚರ್ ಕೈಯಲ್ಲಿ ಎತ್ತಿ ಹಿಡಿಯಲು ಹೇಳಿ 20 ಅಡಿ ದೂರದಿಂದ ಕೆಂಪು ಹೊಲಿಗೆಯನ್ನು ನೋಡುತ್ತೇನೆ. ಮಂದ ಬೆಳಕಿನಲ್ಲಿ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಸೋಲುವ ಬಣ್ಣ ಕೆಂಪು. ಅದು ಕಪ್ಪಾಗುತ್ತದೆ, ನೀಲಿ ಹಸಿರು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ. ಹೊಲಿಗೆ ಕೆಂಪಾಗಿ ಕಂಡರೆ ಸರಿ. ಕಪ್ಪು ಗೆರೆಯಾಗಿ ಕಂಡರೆ ಆಡುತ್ತಿರುವ ಇನಿಂಗ್ಸ್ ಮುಗಿಸಬಹುದು, ಹೊಸದು ಬೇಡ. ಗೆರೆಯೇ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸುವುದು. ನಮ್ಮ ಮುರಮಣ್ಣಿನಲ್ಲಿ ಎರಡು ಇನಿಂಗ್ಸ್ ಉರುಳಿದ ಚೆಂಡು ಮಣ್ಣಿನ ಬಣ್ಣಕ್ಕೇ ತಿರುಗಿರುತ್ತದೆ. ಆದ್ದರಿಂದ ಆರು ಚೆಂಡಿನಲ್ಲಿ ಮೂರನ್ನು ಮುಟ್ಟದೆ ತೆಗೆದಿಟ್ಟು ಕೊನೆಯ ಅರ್ಧ ಗಂಟೆಗೆ ಇಳಿಸುತ್ತೇನೆ. ಕೊಳೆಯಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಾರದು, ಚರ್ಮ ಜಾರುತ್ತದೆ. ಒಣಗಿದ ಗೋಣಿಯ ತುಂಡು ಸಾಕು.

ಪಿಚರ್‌ನ ಬೆನ್ನ ಹಿಂದೆ, ದೂರದ ಗಡಿಯಲ್ಲಿ ನಿಂತವರನ್ನೂ ನೋಡಬೇಕು. ಬಿಳಿ ಮುಂಡು, ಬಿಳಿ ಅಂಗಿಯ ನಾಲ್ಕು ಜನ ಅಲ್ಲಿ ನಿಂತರೆ ಬಿಳಿ ಚೆಂಡು ಅದರಲ್ಲೇ ಕರಗುತ್ತದೆ. ಪಿಚರ್‌ನ ಗ್ಲೌಸ್ ಬಿಳಿ ಅಥವಾ ಬೂದು ಬಣ್ಣದ್ದಾಗಬಾರದು ಎಂಬ ನಿಯಮ ಇರುವುದೂ ಇದೇ ಕಾರಣಕ್ಕೆ. “ಅಣ್ಣಾ, ಸ್ವಲ್ಪ ಆಚೆ ನಿಲ್ಲಿ, ಮಕ್ಕಳಿಗೆ ಚೆಂಡು ಕಾಣುವುದಿಲ್ಲ” ಎಂದರೆ ಯಾರೂ ಬೇಸರ ಮಾಡುವುದಿಲ್ಲ.

ಪರೀಕ್ಷೆಗಿಂತ ಬೇಗ ಸುಳಿವು ಕೊಡುವುದು ಮಕ್ಕಳ ಮೈ. ಕ್ಯಾಚರ್ ಚೆಂಡನ್ನು ಕಾದು ಹಿಡಿಯುವುದು ಬಿಟ್ಟು ಕೊನೆಗಳಿಗೆಯಲ್ಲಿ ಗ್ಲೌಸ್ ಚುಚ್ಚುತ್ತಾನೆ. ನೇರ ಬಂದ ಚೆಂಡೂ ಅವನನ್ನು ದಾಟಿ ನನ್ನ ಕಾಲಿಗೆ ಬಡಿಯುತ್ತದೆ. ಬ್ಯಾಟರ್ ಮೈಮೇಲೆ ಬರುವ ಚೆಂಡಿಗೆ ಅದು ದಾಟಿದ ಮೇಲೆ ಹಿಂದೆ ಸರಿಯುತ್ತಾನೆ. ಔಟ್‌ಫೀಲ್ಡರ್ ಬ್ಯಾಟಿನ ಸದ್ದು ಕೇಳಿ ಓಡತೊಡಗುತ್ತಾನೆ, ಅದೂ ತಪ್ಪು ದಿಕ್ಕಿಗೆ. ಇವುಗಳಲ್ಲಿ ಎರಡು ಒಂದೇ ಅರ್ಧ ಇನಿಂಗ್ಸಿನಲ್ಲಿ ಕಂಡರೆ ಗಡಿಯಾರ ಏನೇ ಹೇಳಲಿ, ಆ ಅರ್ಧ ಮುಗಿಯುವುದನ್ನೂ ಕಾಯುವುದಿಲ್ಲ. ಸ್ಕೋರಿನ ತೊಡಕನ್ನು ಬಿಡಿಸಿಕೊಳ್ಳಬಹುದು, ಮುರಿದ ಹಲ್ಲನ್ನು ಜೋಡಿಸಲು ಆಗುವುದಿಲ್ಲ.

ಇನ್ನೊಂದು ಹೊತ್ತು ಕತ್ತಲೆಗಿಂತ ಕೆಟ್ಟದ್ದು. ಪಡುವಣ ಕಡೆ ತೆಂಗಿನ ತೋಟವೋ ಶಾಲೆಯ ಕಟ್ಟಡವೋ ಇದ್ದರೆ ಪಿಚರ್ ಬಿಸಿಲಿನಲ್ಲಿ, ಬ್ಯಾಟರ್ ನೆರಳಿನಲ್ಲಿ ಇರುವ ಹದಿನೈದು ನಿಮಿಷ. ಚೆಂಡು ಹೊಳೆಯುತ್ತಾ ಹೊರಟು ನಡುದಾರಿಯಲ್ಲಿ ಮಾಯವಾಗುತ್ತದೆ. ನೀರಿನ ವಿರಾಮ ಕೊಡುವುದಿದ್ದರೆ ಆಗಲೇ ಕೊಡಿ.

ದೀಪದ ಬಗ್ಗೆ ಒಂದು ಮಾತು. ಲಿಟಲ್ ಲೀಗ್ ಮೈದಾನಕ್ಕೆ ಬೇಕೆಂದು ಹೇಳಿರುವ ಬೆಳಕು ಒಳ ಅಂಗಳದಲ್ಲಿ ಸುಮಾರು 540 ಲಕ್ಸ್ (ಬೆಳಕಿನ ಅಳತೆ), ಹೊರಗೆ ಸುಮಾರು 320. ಮೋಡವಿಲ್ಲದ ದಿನ ಸೂರ್ಯ ಮುಳುಗುವ ಹೊತ್ತಿಗೆ ಬಯಲಿನಲ್ಲಿ ಇರುವುದೇ 400ರ ಆಸುಪಾಸು. ಅಂದರೆ ಸೂರ್ಯಾಸ್ತದ ಹೊತ್ತಿಗೇ ನಾವು ಕೊರತೆಯಲ್ಲಿರುತ್ತೇವೆ. ಅಲ್ಲಿಂದ ಇಪ್ಪತ್ತು ಚಿಲ್ಲರೆ ನಿಮಿಷದಲ್ಲಿ ಅದು ಮೂರು ನಾಲ್ಕು ಲಕ್ಸಿಗೆ ಇಳಿಯುತ್ತದೆ. ನಮ್ಮ ಅಕ್ಷಾಂಶದಲ್ಲಿ ಕತ್ತಲೆ ಮೆಲ್ಲ ಬರುವುದಿಲ್ಲ, ಧುಮುಕುತ್ತದೆ. ಬೈಕು, ಜೀಪುಗಳ ಹೆಡ್‌ಲೈಟ್ ಹಾಕಿ ಆಡಿಸೋಣ ಎಂದು ಯಾರಾದರೂ ಬಂದೇ ಬರುತ್ತಾರೆ. ನಾನು ಒಪ್ಪುವುದಿಲ್ಲ. ಸೊಂಟದ ಎತ್ತರದ ದೀಪ ಕಣ್ಣಿಗೆ ಹೊಡೆಯುತ್ತದೆ, ಮೇಲೆ ಹೋದ ಚೆಂಡಿಗೆ ತಲುಪುವುದೇ ಇಲ್ಲ. ಅಂಡರ್‌ಆರ್ಮ್ ಕ್ರಿಕೆಟಿಗೆ ಕಟ್ಟಿದ ಫ್ಲಡ್‌ಲೈಟೂ ಅಷ್ಟೇ, ಕಂಬ ಗಿಡ್ಡ; ಎತ್ತರಕ್ಕೆ ಹೊಡೆದ ಚೆಂಡು ದೀಪದ ಮೇಲಿನ ಕತ್ತಲೆಗೆ ಹೋಗಿ ನೇರ ತಲೆಯ ಮೇಲೆ ಇಳಿಯುತ್ತದೆ. ಬೇಸ್‌ಬಾಲಿನ ಚೆಂಡು 142 ಗ್ರಾಮಿಗೆ ಕಡಿಮೆ ಇಲ್ಲ, ಟೆನಿಸ್ ಚೆಂಡಲ್ಲ ಅದು.

ಕತ್ತಲೆ ಹತ್ತಿರ ಬಂದಾಗ ಆಟವನ್ನು ಎಳೆಯುವವರೂ ಇದ್ದಾರೆ, ಓಡಿಸುವವರೂ ಇದ್ದಾರೆ. ಹಿಂದಿನ ಇನಿಂಗ್ಸಿನ ಸ್ಕೋರಿಗೆ ಹೋದರೆ ತಮಗೆ ಲಾಭ ಎನ್ನುವ ತಂಡ ಮೂರು ಸಲ ಪಿಚರ್ ಬದಲಿಸುತ್ತದೆ, ಕ್ಯಾಚರ್‌ನ ಪಟ್ಟಿ ಬಿಚ್ಚಿ ಕಟ್ಟುತ್ತದೆ. ಮುಂದೆ ಹೋದ ತಂಡ ಬೇಗ ಮುಗಿಸಲೆಂದು ಬೇಕೆಂದೇ ಗಾಳಿಗೆ ಬ್ಯಾಟ್ ಬೀಸಿ ಔಟಾಗುತ್ತದೆ. ಎರಡೂ ತಪ್ಪೇ. ಆಟವನ್ನು ಎಳೆಯಲು ಅಥವಾ ಮೊಟಕು ಮಾಡಲು ಕಣ್ಣಿಗೆ ಕಾಣುವ ತಂತ್ರ ಹೂಡಿದರೆ ಪಂದ್ಯವನ್ನು ಎದುರಾಳಿಗೆ ಕೊಡುವ ಅಧಿಕಾರ ಅಂಪೈರ್‌ಗಿದೆ. ಲಿಟಲ್ ಲೀಗ್‌ನಲ್ಲಿ ಆಗ ಸ್ಕೋರು 6–0. ಮೊದಲು ಕೋಚ್‌ಗೆ ಒಂದು ಎಚ್ಚರಿಕೆ, ಸ್ಕೋರರ್‌ನಿಂದ ಸಮಯ ಬರೆಸುವುದು. ಮಕ್ಕಳನ್ನು ಬೈಯುವುದಿಲ್ಲ, ಅವರು ಹೇಳಿದ್ದನ್ನು ಮಾಡುವವರು.

ನಿಲ್ಲಿಸುವಾಗ ಕೈ ಎತ್ತಿ “ಟೈಮ್” ಎಂದು ಜೋರಾಗಿ ಕೂಗಿ ಮಾಸ್ಕ್ ತೆಗೆಯುತ್ತೇನೆ, ಇಬ್ಬರು ಕೋಚ್‌ಗಳನ್ನೂ ಒಟ್ಟಿಗೇ ಕರೆಯುತ್ತೇನೆ. “ಮಾಸ್ಟ್ರೇ, ಬ್ಯಾಟರ್‌ಗೆ ಚೆಂಡು ಕಾಣುತ್ತಿಲ್ಲ, 5.54ಕ್ಕೆ ಆಟ ನಿಲ್ಲಿಸಿದ್ದೇನೆ.” ಅಷ್ಟೇ. “ಇನ್ನೂ ಆಡಬಹುದಾ?” ಎಂದು ಕೇಳಲೇಬಾರದು. ಮುಂದಿರುವವರಿಗೆ ಕತ್ತಲೆ, ಹಿಂದಿರುವವರಿಗೆ ಬೆಳಕು ಎಂದೇ ಉತ್ತರ ಬರುತ್ತದೆ. “ಇನ್ನೊಬ್ಬ ಬ್ಯಾಟರ್ ಆಗಲಿ” ಎಂಬ ಮಾತಿಗೂ ಸೋಲಬಾರದು. ಮಳೆಗೆ ನಿಲ್ಲಿಸಿದರೆ ಅರ್ಧ ಗಂಟೆ ಕಾಯಬೇಕು, ಗುಡುಗಿದರೆ ಕೊನೆಯ ಗುಡುಗಿನಿಂದ ಅರ್ಧ ಗಂಟೆ. ಕತ್ತಲೆಗೆ ಕಾದು ಪ್ರಯೋಜನವಿಲ್ಲ.

ಸಸ್ಪೆಂಡ್ ಆದ ಪಂದ್ಯದ ದಾಖಲೆಯನ್ನು ಮೈದಾನ ಬಿಡುವ ಮೊದಲೇ ಮುಗಿಸಬೇಕು: ಎಷ್ಟನೇ ಇನಿಂಗ್ಸ್, ಯಾವ ಅರ್ಧ, ಎಷ್ಟು ಔಟ್, ಬ್ಯಾಟರ್‌ನ ಬಾಲ್ ಮತ್ತು ಸ್ಟ್ರೈಕ್ ಲೆಕ್ಕ, ಯಾವ ಬೇಸಿನಲ್ಲಿ ಯಾವ ನಂಬರಿನ ಅಂಗಿ, ಯಾರು ಹೊರಗೆ ಹೋದರು, ಯಾರು ಒಳಗೆ ಬಂದರು, ಪ್ರತಿ ಪಿಚರ್ ಎಸೆದ ಚೆಂಡು ಎಷ್ಟು. ಹೆಚ್ಚಾಗಿ ಮರೆಯುವುದು ಕೊನೆಯದನ್ನೇ. ಆಟ ಮುಗಿಯದಿದ್ದರೂ ಎಸೆದ ಚೆಂಡು ಲೆಕ್ಕಕ್ಕೆ ಸೇರುತ್ತದೆ. 12 ವರ್ಷದವನು 60 ಚೆಂಡು ಎಸೆದಿದ್ದರೆ ಅವನಿಗೆ ಮೂರು ದಿನ ವಿಶ್ರಾಂತಿ ಬೇಕು. ಮರುದಿನ ಮುಂದುವರಿಸಿದರೆ ಅವನು ಎಸೆಯುವ ಹಾಗಿಲ್ಲ, ಬೇರೆ ಕಡೆ ನಿಂತು ಆಡಬಹುದು. ಆ ಪುಟದ ಫೋಟೊ ತೆಗೆದು ಇಬ್ಬರು ಕೋಚ್‌ಗಳಿಗೂ ಅಲ್ಲೇ ವಾಟ್ಸ್ಆ್ಯಪ್ ಮಾಡುತ್ತೇನೆ. ಮುಂದುವರಿಸುವ ದಿನ ಫೋಟೊ ಹಿಡಿದು ಓಟಗಾರರನ್ನು ಒಬ್ಬೊಬ್ಬರಾಗಿ ಅವರವರ ಬೇಸಿಗೆ ಕಳಿಸಿ, ಬ್ಯಾಟರ್‌ನ ಲೆಕ್ಕವನ್ನು ಎರಡೂ ಕೈಯ ಬೆರಳೆತ್ತಿ ತೋರಿಸಿ ಎಲ್ಲರಿಗೂ ಕೇಳುವಂತೆ ಹೇಳಿ, ಆಮೇಲೆ “ಪ್ಲೇ” ಎನ್ನುತ್ತೇನೆ.